ಅಡುಗೆಮನೆಯ ಕಪಾಟಿಗೆ ಯಾವ ಮರ, ಯಾವ ಕಲ್ಲು?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಹಳೆಯ ಮಾಳಿಗೆ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಸಂಸಾರ ಬೆಳೆದು ಮನೆ ಸಾಲದಾದಾಗ, ಮಣ್ಣಿನ ಗೋಡೆ ಮಳೆಗೆ ಸಡಿಲಾದಾಗ ಅದನ್ನು ಕೆಡವಿ ಸಿಮೆಂಟಿನ ಮನೆ ಕಟ್ಟುವುದು ಸಹಜವೇ. ಆದರೆ ಈ ಕಾರ್ಯದಲ್ಲಿ ಒಂದು ವಿಚಿತ್ರವಾದ ವ್ಯಾಪಾರ ನಡೆದುಹೋಗುತ್ತದೆ. ಮುತ್ತಜ್ಜನ ಕಾಲದ ಸಾಗವಾನಿಯ ತೊಲೆ, ಮತ್ತಿಯ ಕಂಬ, ಜಂತಿ, ಬಾಗಿಲುಗಳನ್ನು ಮನೆ ಕೆಡವಲು ಬಂದವನಿಗೇ ಗುತ್ತಾಗಿ ಕೊಟ್ಟುಬಿಡುತ್ತೇವೆ. ಆರು ತಿಂಗಳ ತರುವಾಯ ಅದೇ ಜಾಗದ ಹೊಸ ಅಡುಗೆಮನೆಗೆ, ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯನ್ನು ಸಾಲ ಮಾಡಿ ತರುತ್ತೇವೆ. ಆದ್ದರಿಂದ ಈ ತಿಂಗಳು ಅಡುಗೆಮನೆಯ ಕಪಾಟಿನ ವಿಚಾರವನ್ನೇ ಎತ್ತಿಕೊಂಡಿದ್ದೇನೆ. ಓದುಗ ತಾಯಂದಿರು ಇದನ್ನು ಮನೆಯ ಯಜಮಾನರಿಗೂ ಓದಿ ಹೇಳಬೇಕೆಂದು ವಿನಂತಿ.

ನಮ್ಮ ಹಿರಿಯರ ಅಡುಗೆಮನೆಯಲ್ಲಿ ಕಪಾಟು ಇರಲಿಲ್ಲ. ಗೋಡೆಯಲ್ಲಿ ಮಾಡ, ಮೇಲೆ ನೆಲುವು, ಅಟ್ಟ. ಮುಸುರೆ ತಿಕ್ಕುವುದು ಹಿತ್ತಲಿನಲ್ಲಿ ಅಥವಾ ಬಚ್ಚಲಲ್ಲಿ. ನೀರು ಮತ್ತು ಮರ ಒಂದನ್ನೊಂದು ಮುಟ್ಟುತ್ತಲೇ ಇರಲಿಲ್ಲ. ಈಗ ಕಟ್ಟೆಯ ಮೇಲೆಯೇ ಸಿಂಕು ಬಂದಿದೆ, ಅದರ ಕೆಳಗೇ ಕಪಾಟು ಬಂದಿದೆ. ಕೊಳವೆಯ ಸಂದಿನಲ್ಲಿ ದಿನಕ್ಕೆ ನಾಲ್ಕು ಹನಿ ಸೋರಿದರೂ ಸಾಕು, ಹೊಟ್ಟಿನ ಹಲಗೆ ನೀರು ಕುಡಿದು ಉಬ್ಬುತ್ತದೆ. ಒಮ್ಮೆ ಉಬ್ಬಿದ್ದು ಒಣಗಿದರೂ ಮೊದಲಿನಂತಾಗದು. ತಿರುಪಿನ ಮೊಳೆ ಹಿಡಿತ ಬಿಡುತ್ತದೆ, ಬಾಗಿಲು ಜೋಲುತ್ತದೆ. ಮಳೆ ಹೆಚ್ಚಾದ ಹಾನಗಲ್ಲಿನ ಕಡೆ ಈ ಅವಸ್ಥೆ ಬೇಗನೆ ಬರುತ್ತದೆ.

ಆದ್ದರಿಂದ ಕಟ್ಟೆಯ ಕೆಳಭಾಗಕ್ಕೆ ಮರದ ಪೆಟ್ಟಿಗೆಯೇ ಬೇಡವೆಂಬುದು ನನ್ನ ಅಭಿಪ್ರಾಯ. ಅಲ್ಲಿ ಕಡಪ ಕಲ್ಲಿನ ಇಲ್ಲವೇ ಶಹಾಬಾದ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಖಾನೆ ಮಾಡಿಸಿರಿ. ಕಲ್ಲಿಗೆ ಗೆದ್ದಲಿಲ್ಲ, ನೀರಿನ ಭಯವಿಲ್ಲ. ಜೋಳದ ಹಿಟ್ಟಿನ ಡಬ್ಬಿ, ಎಣ್ಣೆಯ ಡಬ್ಬ ಎಷ್ಟು ಭಾರವಿದ್ದರೂ ಬಾಗದು. ಇವೆರಡೂ ಸುಣ್ಣದ ಜಾತಿಯ ಕಲ್ಲುಗಳಾದ್ದರಿಂದ ಹುಣಸೆರಸ, ನಿಂಬೆರಸ ಬಿದ್ದಲ್ಲಿ ಹೊಳಪು ಕಳೆದುಕೊಳ್ಳುತ್ತವೆ ಎಂಬುದು ನಿಜ. ಆದರೆ ಬಾಗಿಲ ಹಿಂದಿನ ಖಾನೆಯಲ್ಲಿ ಹೊಳಪನ್ನು ಯಾರು ನೋಡುತ್ತಾರೆ?

ಇನ್ನು ಬಾಗಿಲುಗಳು ಮತ್ತು ಮೇಲಿನ ಗೋಡೆ ಕಪಾಟು. ಇಲ್ಲಿಯೇ ಹಳೆಯ ಮನೆಯ ಮರ ಕೆಲಸಕ್ಕೆ ಬರುವುದು. ಮುಂಡಗೋಡ, ಯಲ್ಲಾಪುರದ ಕಾಡುಗಳು ನಮಗೆ ಸಮೀಪವಾದುದರಿಂದ ಈ ಸೀಮೆಯ ಹಳೆಯ ಮನೆಗಳಲ್ಲಿ ಸಾಗವಾನಿ, ಮತ್ತಿ ಕಾಣುವುದು ಸಾಮಾನ್ಯ. ಎರಡು ಮೂರು ತಲೆಮಾರು ಸೂರಿನ ಕೆಳಗೆ ಒಣಗಿದ ಮರ ಇನ್ನು ಸೊಟ್ಟಗಾಗುವ ಸಂಭವ ಬಹಳ ಕಡಿಮೆ. ಪೇಟೆಯಲ್ಲಿ ಇಂದು ಸಾಗವಾನಿಯೆಂದು ಮಾರುವ ಎಳೆಯ ಮರದಲ್ಲಿ ಹೊರಗಿನ ಬಿಳಿಭಾಗವೇ ಹೆಚ್ಚು. ಅದಕ್ಕೆ ಹುಳು ಹತ್ತುತ್ತದೆ. ಹಳೆಯ ತೊಲೆಯಲ್ಲಿರುವುದು ಬಹುತೇಕ ಚೇಗು. ಸಾಗವಾನಿಯ ಚೇಗಿನಲ್ಲಿರುವ ಸಹಜ ಎಣ್ಣೆಯಂಶ ಗೆದ್ದಲನ್ನು ದೂರವಿಡುತ್ತದೆ. ಮರದ ಗಾತ್ರ ನೋಡಿ ಮೋಸಹೋಗಬಾರದು: ಸವಣೂರಿನ ಮಠದ ಆವರಣದ ದೊಡ್ಡ ಹುಣಸೆಯ ಮರಗಳನ್ನು ನೋಡದವರಾರು? ಅಷ್ಟು ದಪ್ಪದ ಬೊಡ್ಡೆಯಾದರೂ ಒಳಗೆ ನೀರು ಹಿಡಿದ ಮೆದುಮರ. ನೆರಳಿಗೂ ದರ್ಶನಕ್ಕೂ ಅದು ದೊಡ್ಡದು, ಬಡಿಗನ ಉಳಿಗಲ್ಲ.

ಮನೆ ಇಳಿಸುವ ಮುನ್ನ ನಂಬಿಕೆಯ ಬಡಿಗರನ್ನು ಕರೆತಂದು ತೊಲೆ ಜಂತಿಗಳನ್ನು ತೋರಿಸಿರಿ. ಅವರು ಉಳಿಯಿಂದ ಒಂದು ಚೂರು ಕೆತ್ತಿ, ಬಡಿದು ಸದ್ದು ಕೇಳಿ, ಗಟ್ಟಿ ಯಾವುದು ಟೊಳ್ಳು ಯಾವುದು ಎಂದು ಹೇಳಬಲ್ಲರು. ಗೋಡೆಯಲ್ಲಿ ಹುದುಗಿದ್ದ ತುದಿಗಳು ಸಾಮಾನ್ಯವಾಗಿ ಲಡ್ಡಾಗಿರುತ್ತವೆ. ಅವನ್ನು ಕತ್ತರಿಸಿ ಬಿಡಬೇಕು. ಕೊಯ್ಯಲು ಒಯ್ಯುವ ಮೊದಲು ಹಳೆಯ ಮೊಳೆಗಳನ್ನೆಲ್ಲ ಕೀಳಿಸಿರಿ, ಇಲ್ಲವಾದರೆ ಗರಗಸದ ಹಲ್ಲು ಮುರಿದು ಮಿಲ್ಲಿನವರು ಮುಂದೆ ನಿಮ್ಮ ಕಟ್ಟಿಗೆಯನ್ನೇ ಮುಟ್ಟಲಾರರು. ಕೊಯ್ಸುವ ಕೂಲಿ, ಬಡಿಗರ ಕೂಲಿ ಸೇರಿದರೆ ಅಗ್ಗವೇನೂ ಆಗದು. ಆದರೆ ಕೊಟ್ಟ ಹಣ ಊರಿನ ದುಡಿಮೆಗಾರರ ಕೈ ಸೇರುತ್ತದೆ, ಮತ್ತು ಮೊಮ್ಮಕ್ಕಳ ಕಾಲಕ್ಕೂ ಆ ಬಾಗಿಲು ಉಳಿಯುತ್ತದೆ.

ಹಳೆಯ ಮರವಿಲ್ಲದವರು ಪ್ಲೈವುಡ್ ತರಬೇಕಾದೀತು. ಅಂಗಡಿಯವರು ‘ವಾಟರ್‌ಪ್ರೂಫ್’ ಎಂದ ಮಾತ್ರಕ್ಕೆ ಒಪ್ಪದೆ ಹಲಗೆಯ ಮೇಲಿನ ಐ.ಎಸ್.ಐ. ಮುದ್ರೆಯನ್ನೂ ಅದರ ಸಂಖ್ಯೆಯನ್ನೂ ಓದಿರಿ. 303 ಎಂಬುದು ಸಾಮಾನ್ಯ ಉಪಯೋಗದ ಹಲಗೆ; 710 ಎಂಬುದು ಮರೈನ್ ಪ್ಲೈವುಡ್, 72 ಗಂಟೆ ಕುದಿವ ನೀರಿನ ಪರೀಕ್ಷೆಯನ್ನು ತಾಳಬೇಕಾದದ್ದು. ನೀರಿನ ಹತ್ತಿರ ಎರಡನೆಯದೇ ಸರಿ. ಕತ್ತರಿಸಿದ ಅಂಚುಗಳನ್ನು ಬರಿದಾಗಿ ಬಿಡಿಸಬೇಡಿರಿ. ತೇವ ಒಳಸೇರುವುದೇ ಅಲ್ಲಿಂದ. ಮೂರಡಿಗಿಂತ ಉದ್ದದ ಖಾನೆಗೆ ನಡುವೆ ಒಂದು ಆಧಾರ ಕೊಡಿಸಿರಿ.

ಹೊಸ ಹಲಗೆಯ ಕಪಾಟು ತೆರೆದೊಡನೆ ಕಣ್ಣು ಉರಿಸುವ ಘಾಟು ಬರುತ್ತದಲ್ಲವೇ? ಅದು ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಗಾಬರಿಪಡಬೇಕಿಲ್ಲ; ಆದರೆ ಕಡಿಮೆ ಹೊರಸೂಸುವ ‘ಇ-1’ ಅಥವಾ ‘ಇ-0’ ದರ್ಜೆಯ ಹಲಗೆಯನ್ನೇ ಕೇಳಿರಿ. ಕೂಸು ಮತ್ತು ಬಾಣಂತಿ ಇರುವ ಮನೆಯಾದರೆ, ಕಪಾಟಿನ ಕೆಲಸವನ್ನು ಬೇಸಿಗೆಯಲ್ಲಿ ಮುಗಿಸಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಕಿಟಕಿಯ ಗಾಳಿ ಆಡಿಸಿ, ಘಾಟು ಇಳಿದ ಮೇಲೆಯೇ ಡಬ್ಬಿಗಳನ್ನು ಜೋಡಿಸಿರಿ.