ಸ್ವಿಚ್‌ಗೆ ಟೇಪ್ ಅಂಟಿಸೋರೇ, ಸ್ವಲ್ಪ ಕೇಳಿ

1/6
"ಜಾಸ್‌ಮಾಸ್ಟರ್, ಜಾಗ್ವಾರ್ ಎರಡೂ ಒಂದೇ ಗುರು, ಸ್ವಿಚ್ ಮಾತ್ರ ಜಾಸ್ತಿ, ಅದೂ ವೇಸ್ಟ್." ಗಿಟಾರ್ ವಿಷಯ ಬಂದ್ರೆ ಸಾಕು, ಒಬ್ಬ ಇದನ್ನ ಹೇಳೇ ಹೇಳ್ತಾನೆ. ಆಮೇಲೆ ಆ ಸ್ವಿಚ್‌ಗಳಿಗೆ ಟೇಪ್ ಅಂಟಿಸಿ, ಅವೇ ಕೊಡ್ತಿದ್ದ ಸೌಂಡ್‌ಗೆ ಸಾವಿರಾರು ರೂಪಾಯಿಯ ಪೆಡಲ್ ಹುಡುಕ್ತಾನೆ. ಇದಕ್ಕೆ ನನ್ನ ತಕರಾರಿದೆ.

2/6
ಎರಡೂ ಫೆಂಡರ್‌ದೇ. ಜಾಸ್‌ಮಾಸ್ಟರ್ 1958, ಜಾಗ್ವಾರ್ 1962. ನೋಡೋಕೆ ಅಣ್ಣ ತಮ್ಮ. ಆದ್ರೆ ಅಣ್ಣನ ಸ್ಕೇಲ್ 25.5 ಇಂಚು, ತಮ್ಮಂದು 24. ಒಂದೇ ತಂತಿ, ಒಂದೇ ಟ್ಯೂನಿಂಗ್ ಇಟ್ರೂ ಜಾಗ್ವಾರ್‌ನಲ್ಲಿ ಬಿಗಿ ಕಮ್ಮಿ, ಬೆಂಡ್ ಸಲೀಸು. ಜಾಸ್‌ಮಾಸ್ಟರ್ ಪಿಕಪ್‌ನ ಸುರುಳಿ ಅಗಲ, ಚಪ್ಪಟೆ. ಅದಕ್ಕೇ ದನಿ ದುಂಡಗೆ, ತುಂಬಿಕೊಂಡಿರುತ್ತೆ. ಜಾಗ್ವಾರ್‌ದು ಕಿರಿದು, ಪಕ್ಕದಲ್ಲಿ ಹಲ್ಲಿನಂಥ ಲೋಹದ ಪಟ್ಟಿ. ದನಿ ಚುರುಕು, ಚೂಪು. ಒಂದೇ ಅಂತೆ!

3/6
ಈಗ ಮೇಲಿನ ಸ್ವಿಚ್. ಇದು ಎರಡರಲ್ಲೂ ಇದೆ. ಜಾರಿಸಿದ್ರೆ ಕುತ್ತಿಗೆ ಕಡೆಯ ಪಿಕಪ್ ಮಾತ್ರ ಉಳಿಯುತ್ತೆ, ಅದಕ್ಕೆ ಬೇರೆಯದೇ ವಾಲ್ಯೂಮ್, ಟೋನ್ ಚಕ್ರ. ಟೋನ್ ಪಾಟ್ 50 ಕಿಲೋ ಓಮ್. ಕೆಳಗಿನದು 1 ಮೆಗಾ ಓಮ್. ರೆಸಿಸ್ಟೆನ್ಸ್ ಕಮ್ಮಿ ಆದಷ್ಟೂ ಟ್ರೆಬಲ್ ಸೋರಿ ಹೋಗುತ್ತೆ, ದನಿ ಮೆತ್ತಗಾಗುತ್ತೆ. ಅಂದ್ರೆ ಹಾಡುಗಾರರ ಹಿಂದೆ ನುಡಿಸೋಕೆ ಒಂದು ಸೌಂಡ್, ಸೋಲೋಗೆ ಇನ್ನೊಂದು, ಮೊದಲೇ ಸೆಟ್ ಮಾಡಿಟ್ಕೋಬಹುದು. ಪೆಡಲ್ ಇಲ್ಲದೆ!

4/6
ಜಾಗ್ವಾರ್ ಕೆಳಗೆ ಇನ್ನೂ ಮೂರು ಸ್ವಿಚ್. ಎರಡು, ಪಿಕಪ್‌ಗಳ ಆನ್-ಆಫ್. ಮೂರನೆಯದು ಬೇಸ್ ಕತ್ತರಿಸುತ್ತೆ. ರೂಮಲ್ಲಿ ಒಬ್ಬರೇ ಕೂತು ಒತ್ತಿದ್ರೆ "ಥೂ, ತೆಳು" ಅನ್ಸುತ್ತೆ. ಬೇಸ್ ಗಿಟಾರ್, ಕೀಬೋರ್ಡ್, ಡ್ರಮ್ಸ್ ಎಲ್ಲಾ ಸೇರಿದಾಗ ಒತ್ತಿ ನೋಡಿ. ಗಜಿಬಿಜಿ ಮಧ್ಯೆ ನಿಮ್ಮ ಗಿಟಾರ್ ಎದ್ದು ಕೇಳುತ್ತೆ. ಜಾಸ್‌ಮಾಸ್ಟರ್‌ನಲ್ಲಿ ಈ ಸ್ವಿಚ್ಚೇ ಇಲ್ಲ.

5/6
"ಹಾಡಿನ ಮಧ್ಯೆ ಕೈ ತಗುಲಿ ಸೌಂಡ್ ಹೋಗುತ್ತೆ" ಅಂತೀರಾ? ಒಪ್ಪಿದೆ, ಹೋಗುತ್ತೆ. ಶೋ ದಿನ ಟೇಪ್ ಅಂಟಿಸಿ. ಉಳಿದ ದಿನ ಯಾಕೆ? "ಕರ್ಟ್ ಕೋಬೇನ್ ಜಾಗ್ವಾರ್ ನುಡಿಸ್ತಿದ್ದ" ಅಂತೀರಾ? ಅವನ 1965ರ ಗಿಟಾರ್‌ನಲ್ಲಿ ಇದ್ದಿದ್ದು ಡಿಮಾರ್ಜಿಯೊ ಹಂಬಕರ್ ಪಿಕಪ್. ಆಕಾರ ಜಾಗ್ವಾರ್‌ದು, ಗಂಟಲು ಬೇರೆ. ಆ ಸೌಂಡ್ ಆಸೆಗೆ ಮಾಮೂಲಿ ಜಾಗ್ವಾರ್ ತಗೊಂಡು, ಆಮೇಲೆ ಗಿಟಾರನ್ನ ಬೈಬೇಡಿ.

6/6
ನಾವು ಬಿಕಾಂನೋರು ಗುಡ್‌ವಿಲ್ ಬಗ್ಗೆ ಓದಿದ್ದೀವಲ್ಲ? ಅರವತ್ತರ ದಶಕದ ಗಿಟಾರ್‌ಗೆ ಲಕ್ಷಗಟ್ಟಲೆ ಬೆಲೆ ಇರೋದ್ರಲ್ಲಿ ದೊಡ್ಡ ಪಾಲು ಅದೇ. ಇಸವಿಗೆ, ಹೆಸರಿಗೆ, ಸವೆದ ಬಣ್ಣಕ್ಕೆ. ಸರ್ಕ್ಯೂಟ್ ಹಾಗಲ್ಲ. ಸ್ಕ್ವಯರ್ ಹೆಸರಲ್ಲಿ ಬಂದಿರೋ ಕೆಲವು ಕಡಿಮೆ ಬೆಲೆಯ ಮಾಡೆಲ್‌ಗಳಲ್ಲೂ ಇದೇ ಸ್ವಿಚ್, ಇದೇ ಚಕ್ರ ಇವೆ. ಅಪ್ಪ ಅಮ್ಮನ ದುಡ್ಡು ಕೇಳೋ ಮುಂಚೆ ಅಂಗಡಿಗೆ ಹೋಗಿ, ಪ್ರತಿ ಸ್ವಿಚ್ ಒತ್ತಿ, ಪ್ರತಿ ಚಕ್ರ ತಿರುಗಿಸಿ, ಕಿವಿ ಕೊಟ್ಟು ಕೇಳಿ. ಈಗಾಗಲೇ ಮನೇಲಿದ್ರೆ ಇವತ್ತೇ ಟೇಪ್ ಕೀಳಿ.

ಒಪ್ಪದಿದ್ರೆ ಕಾಮೆಂಟ್‌ಗೆ ಬನ್ನಿ. ಸ್ವಿಚ್ ಒತ್ತಿ ನೋಡಿದ ಮೇಲೆ ಬನ್ನಿ, ಅಷ್ಟೇ.

#ಜಾಗ್ವಾರ್ #ಜಾಸ್‌ಮಾಸ್ಟರ್ #ಗಿಟಾರ್‌ಕನ್ನಡ