ಜಾಗೃತಿ ಯಾರಿಗೆ? ಕರಪತ್ರ ಯಾವ ಭಾಷೆಗೆ?

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡುತ್ತದೆ ಎನ್ನುವುದು ನಮ್ಮ ಹಿರಿಯರ ಮಾತು. ಚಳಿ ಓಡಿದ ಬೆನ್ನಿಗೇ ಹಬ್ಬಗಳ ಸಾಲು. ಕಾಮನ ಹುಣ್ಣಿಮೆ, ಯುಗಾದಿಯ ಬೇವು-ಬೆಲ್ಲ, ರಾಮನವಮಿಯ ಪಾನಕ-ಕೋಸಂಬರಿ, ಮಹಾವೀರ ಜಯಂತಿ, ಈಸ್ಟರ್, ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ವೈಶಾಖದ ಬಸವ ಜಯಂತಿ. ಊರೂರಿನ ಜಾತ್ರೆ, ತೇರು, ಉರುಸು ಬೇರೆ.

ಇದರ ಮಗ್ಗುಲಲ್ಲೇ ಇನ್ನೊಂದು ಸಾಲಿದೆ. ಅದು ಸರ್ಕಾರ ಮತ್ತು ವಿಶ್ವಸಂಸ್ಥೆ ಗೊತ್ತುಮಾಡಿದ ‘ದಿನ’ಗಳ ಸಾಲು. ಫೆಬ್ರವರಿ 28 ವಿಜ್ಞಾನ ದಿನ, ಮಾರ್ಚ್ 8 ಮಹಿಳಾ ದಿನ, ಮಾರ್ಚ್ 22 ಜಲ ದಿನ, ಮಾರ್ಚ್ 24 ಕ್ಷಯರೋಗ ದಿನ, ಏಪ್ರಿಲ್ 7 ಆರೋಗ್ಯ ದಿನ, ಏಪ್ರಿಲ್ 23 ಪುಸ್ತಕ ದಿನ, ಏಪ್ರಿಲ್ 24 ಪಂಚಾಯತ್ ರಾಜ್ ದಿನ.

ಎರಡೂ ಸಾಲುಗಳು ಜನರನ್ನು ತಲುಪುವ ಮೊದಲು ಮುದ್ರಣಾಲಯದ ಮೆಟ್ಟಿಲು ಹತ್ತುತ್ತವೆ. ಹಾಗಾಗಿ ಮುದ್ರಕನಿಗೆ ಒಂದು ಸತ್ಯ ಎದ್ದು ಕಾಣುತ್ತದೆ. ಜಾತ್ರೆಯ ಕರಪತ್ರ ತರುವ ಹಳ್ಳಿಯ ಸಮಿತಿಯವರು ಎಲ್ಲವನ್ನೂ ಕನ್ನಡದಲ್ಲೇ ಬರೆದು ತರುತ್ತಾರೆ. ತೇರು ಎಷ್ಟು ಗಂಟೆಗೆ, ಅನ್ನಸಂತರ್ಪಣೆ ಎಲ್ಲಿ, ನಾಟಕ ಯಾವುದು, ದಾನಿಗಳು ಯಾರು - ಒಂದಕ್ಷರವೂ ಅನ್ಯಭಾಷೆಯಲ್ಲಿ ಇರುವುದಿಲ್ಲ. ಏಕೆ? ಅವರಿಗೆ ಜನ ಬರಬೇಕು! ಆದರೆ ‘ಜಾಗೃತಿ ದಿನ’ದ ಬ್ಯಾನರು ಮಾಡಿಸಲು ಬರುವವರು ಕೇಂದ್ರ ಕಚೇರಿಯಿಂದ ಬಂದ ಇಂಗ್ಲಿಷ್ ವಿನ್ಯಾಸವನ್ನು ಮುಂದಿಟ್ಟು, “ಜಾಗ ಉಳಿದರೆ ಕೆಳಗೊಂದು ಸಾಲು ಕನ್ನಡ ಹಾಕಿ” ಎನ್ನುತ್ತಾರೆ. ಜಾಗ ಉಳಿದರೆ! ಕನ್ನಡ ನಾಡಿನಲ್ಲಿ ಕನ್ನಡಕ್ಕೆ ಉಳಿದ ಜಾಗ!

ಇದು ಬರೀ ಅಭಿಮಾನದ ಮಾತಲ್ಲ, ಪ್ರಾಣದ ಮಾತು. ಕ್ಷಯರೋಗ ದಿನವನ್ನೇ ತೆಗೆದುಕೊಳ್ಳಿ. 1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಕ್ ಈ ರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದ ಸಂಗತಿಯನ್ನು ಲೋಕಕ್ಕೆ ಸಾರಿದ. ಆ ನೆನಪಿಗೆ ಈ ದಿನ. ಅಂದು ಜನರಿಗೆ ಹೇಳಬೇಕಾದ್ದು ಹೆಚ್ಚೇನಿಲ್ಲ: ಎರಡು ವಾರ ಮೀರಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ, ಕೆಮ್ಮು ಕಡಿಮೆಯಾಯಿತೆಂದು ಮಾತ್ರೆಯನ್ನು ನಡುವೆ ಬಿಡಬೇಡಿ. ಇಷ್ಟು ಮಾತು ಒಬ್ಬ ಬೀಡಿ ಕಟ್ಟುವ ತಾಯಿಗೆ, ಕಲ್ಲು ಒಡೆಯುವ ಕೂಲಿಗೆ, ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳಿಗೆ ಮುಟ್ಟಬೇಕು. ಇಂಗ್ಲಿಷ್ ಬ್ಯಾನರಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡ ಅಧಿಕಾರಿಗೆ ಕ್ಷಯದ ವಿಷಯ ಮೊದಲೇ ಗೊತ್ತು. ಗೊತ್ತಿಲ್ಲದವರಿಗೆ ಬ್ಯಾನರು ಓದಲು ಬರುವುದಿಲ್ಲ. ಹಾಗಾದರೆ ಜಾಗೃತಿ ಯಾರಿಗೆ?

ಜನರಿಗೆ ನಿಜವಾಗಿ ಏನನ್ನೋ ಹೇಳಬೇಕೆಂದಿದ್ದವರು ಈ ನೆಲದಲ್ಲಿ ಯಾವ ಭಾಷೆ ಹಿಡಿದರು? 12ನೇ ಶತಮಾನದಲ್ಲಿ ಬಸವಣ್ಣನವರು, ಅಲ್ಲಮಪ್ರಭುಗಳು, ಅಕ್ಕಮಹಾದೇವಿ ಸಂಸ್ಕೃತವನ್ನು ಬದಿಗಿಟ್ಟು ಆಡುಗನ್ನಡದಲ್ಲಿ ವಚನ ಹೇಳಿದರು. ಅದಕ್ಕೇ ಆ ಮಾತು ಕಾಯಕದವರ ಮನೆಬಾಗಿಲಿಗೆ ಹೋಯಿತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ ಇಬ್ಬರೂ ಜರ್ಮನಿಯಿಂದ ಬಂದವರು. ತಮ್ಮ ಧರ್ಮವನ್ನು ಸಾರಲು ಬಂದವರೂ ಮೊದಲು ಕನ್ನಡ ಕಲಿತರು! ಕಡಲಾಚೆಯಿಂದ ಬಂದವರಿಗೆ ತಿಳಿದ ಈ ಸರಳ ಸಂಗತಿ ವಿಧಾನಸೌಧದ ಕಚೇರಿಗಳಿಗೆ ತಿಳಿಯದೆ?

“ವಿಜ್ಞಾನ, ಆರೋಗ್ಯ ಇವಕ್ಕೆಲ್ಲ ಕನ್ನಡದಲ್ಲಿ ಪದಗಳಿಲ್ಲ” ಎನ್ನುವ ಹಳೆಯ ರಾಗ ಇನ್ನೂ ನಿಂತಿಲ್ಲ. ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗಾಗಿ ‘ಬಾಲ ಪ್ರಪಂಚ’, ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ ಬರೆದರು. ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರವನ್ನು ನಗುನಗುತ್ತ ಹೇಳಿದ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೊರತೆ ಇರುವುದು ಪದಗಳಿಗಲ್ಲ, ಮನಸ್ಸಿಗೆ.

“ಬೆಂಗಳೂರಿನಲ್ಲಿ ಎಲ್ಲ ಭಾಷೆಯವರೂ ಇದ್ದಾರೆ” ಎನ್ನುವುದು ಇನ್ನೊಂದು ನೆಪ. ಇರಲಿ ಸ್ವಾಮಿ, ಬೇಡವೆಂದವರಾರು? ಇಂಗ್ಲಿಷ್ ಕೆಳಗಿರಲಿ, ಕನ್ನಡ ಮೇಲಿರಲಿ. ಕಾಯಿಲೆಯ ಮಾತು ಪರಭಾಷೆಯವರಿಗೂ ಅವರ ಭಾಷೆಯಲ್ಲಿ ಮುಟ್ಟಲಿ. ಆದರೆ ಅದರ ಹೆಸರಿನಲ್ಲಿ ಈ ನೆಲದ ಮಕ್ಕಳನ್ನು ಕತ್ತಲಲ್ಲಿಡಬೇಡಿ.

ಕಾನೂನು ಇಲ್ಲವೇ? ಇದೆ. 1963ರ ರಾಜಭಾಷಾ ಅಧಿನಿಯಮ ಇದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇದೆ. ಅದಕ್ಕೆ 2024ರಲ್ಲಿ ತಿದ್ದುಪಡಿ ತಂದು, ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂದಾಗಿದೆ. ಕನ್ನಡಪರ ಸಂಘಟನೆಗಳು ಬೀದಿಗಿಳಿದು ಹೋರಾಡಿದ ಫಲ ಅದು. ಆದರೆ ನಾಮಫಲಕ ಅಂಗಡಿಯ ಹೆಸರನ್ನಷ್ಟೇ ಹೇಳುತ್ತದೆ. ಕರಪತ್ರ ಜೀವ ಉಳಿಸುವ ಮಾತು ಹೇಳುತ್ತದೆ. ಫಲಕಕ್ಕೆ ಸಿಕ್ಕ ಮರ್ಯಾದೆ ಕರಪತ್ರಕ್ಕೂ ಸಿಗಬೇಡವೇ?

ಇನ್ನು ಕನ್ನಡ ಹಾಕುವವರ ಅವಸ್ಥೆ. ಹಿಂದಿನ ಸಂಜೆ ಇಂಗ್ಲಿಷ್ ಸಾಲನ್ನು ಯಂತ್ರಕ್ಕೆ ಹಾಕಿ, ಅದು ಉಗುಳಿದ್ದನ್ನು ಹಾಗೇ ಫ್ಲೆಕ್ಸ್‌ಗೆ ಏರಿಸುತ್ತಾರೆ. ನುಡಿ ತಂತ್ರಾಂಶದಲ್ಲಿದ್ದ ಬರಹವನ್ನು ಯೂನಿಕೋಡ್‌ಗೆ ಬದಲಿಸಿದವರು ಒಮ್ಮೆಯೂ ಓದಿ ನೋಡುವುದಿಲ್ಲ. ಅರ್ಕಾವೊತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಕನ್ನಡಕ್ಕೆ ಕೆಳಗೆ ಒತ್ತಕ್ಷರಗಳಿವೆ, ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಇಂಗ್ಲಿಷಿಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದರೆ ಒತ್ತುಗಳ ಕತ್ತು ಕತ್ತರಿಸುತ್ತದೆ. ಮೊದಲೇ ಕನ್ನಡದಲ್ಲಿ ಬರೆಸಿ, ಕನ್ನಡಕ್ಕೇ ವಿನ್ಯಾಸ ಮಾಡಿಸಿದರೆ ಈ ಅಪಚಾರ ಏಕೆ ನಡೆದೀತು?

ಈ ಸಾಲಿನಲ್ಲಿ ನಾವು ಮರೆತೇಬಿಟ್ಟ ದಿನ ಒಂದಿದೆ: ಫೆಬ್ರವರಿ 21, ವಿಶ್ವ ತಾಯ್ನುಡಿ ದಿನ. 1948ರಲ್ಲಿ ಜಿನ್ನಾ ಢಾಕಾಕ್ಕೆ ಬಂದು ಪಾಕಿಸ್ತಾನಕ್ಕೆ ಉರ್ದು ಒಂದೇ ರಾಷ್ಟ್ರಭಾಷೆ ಎಂದು ಸಾರಿದರು. ಬಂಗಾಳಿಗಳು ಒಪ್ಪಲಿಲ್ಲ. 1952ರ ಫೆಬ್ರವರಿ 21ರಂದು ತಾಯ್ನುಡಿಗಾಗಿ ಬೀದಿಗೆ ಬಂದ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಬರ್ಕತ್, ಜಬ್ಬಾರ್, ರಫೀಕ್, ಸಲಾಂ ಪ್ರಾಣ ತೆತ್ತರು. ಗುಂಡು ಹಾರಿಸಿದ ಸರ್ಕಾರದ ಧರ್ಮವೂ ಗುಂಡು ತಿಂದವರ ಧರ್ಮವೂ ಒಂದೇ. ಆದರೂ ತಾಯ್ನುಡಿಯನ್ನು ಬಿಟ್ಟುಕೊಡಲಿಲ್ಲ. 1956ರ ಪಾಕಿಸ್ತಾನದ ಸಂವಿಧಾನ ಬಂಗಾಳಿಗೆ ಸ್ಥಾನ ಕೊಡಲೇಬೇಕಾಯಿತು. 1999ರಲ್ಲಿ ಯುನೆಸ್ಕೋ ಆ ದಿನವನ್ನು ಒಪ್ಪಿತು, 2000ದಿಂದ ಜಗತ್ತು ಆಚರಿಸುತ್ತಿದೆ. ನಮ್ಮಲ್ಲಿ ಎಷ್ಟು ಶಾಲೆಗಳಲ್ಲಿ ಮಕ್ಕಳಿಗೆ ಈ ಕಥೆ ಹೇಳುತ್ತಾರೆ? ಕನ್ನಡಾಭಿಮಾನ ನವೆಂಬರ್ ಒಂದಕ್ಕೆ ಉಟ್ಟು ಡಿಸೆಂಬರಿನಲ್ಲಿ ಮಡಚಿಡುವ ಹಬ್ಬದ ಸೀರೆಯೇ?

ನಮ್ಮ ಒತ್ತಾಯ ಇಷ್ಟು. ಒಂದು, ಕರ್ನಾಟಕದಲ್ಲಿ ನಡೆಯುವ ಯಾವುದೇ ಜಾಗೃತಿ ದಿನದ ಬ್ಯಾನರು, ಕರಪತ್ರ, ಭಿತ್ತಿಪತ್ರ ಮೊದಲು ಕನ್ನಡದಲ್ಲಿರಬೇಕು. ಇಲ್ಲವಾದರೆ ಇಲಾಖೆ ಅದರ ಬಿಲ್ಲು ಪಾಸು ಮಾಡಬಾರದು. ಎರಡು, ಅಚ್ಚಿಗೆ ಹೋಗುವ ಮೊದಲು ಕನ್ನಡ ಬಲ್ಲ ಒಬ್ಬರು ಕರಡು ತಿದ್ದಿ ಸಹಿ ಮಾಡಬೇಕು. ಮೂರು, ಫೆಬ್ರವರಿ 21ನ್ನು ಪ್ರತಿ ಶಾಲೆ, ಪ್ರತಿ ಗ್ರಾಮ ಪಂಚಾಯಿತಿ ಆಚರಿಸಬೇಕು.

ಕನ್ನಡಿಗರೇ, ನಿಮ್ಮ ಪಾಲಿನ ಕೆಲಸವೂ ಇದೆ. ಮಗಳ ಮದುವೆ ಪತ್ರಿಕೆ, ಮನೆಯ ಗೃಹಪ್ರವೇಶ, ಸಂಘದ ಯುಗಾದಿ ಶುಭಾಶಯ ಕನ್ನಡದಲ್ಲಿ ಅಚ್ಚಾಗಲಿ. ನಿಮ್ಮ ಊರಿಗೆ ಇಂಗ್ಲಿಷ್ ಬ್ಯಾನರಿನ ಜಾಗೃತಿ ಸಭೆ ಬಂದರೆ ಎದ್ದು ನಿಂತು ಕೇಳಿ: “ಸ್ವಾಮಿ, ಇದನ್ನು ಯಾರು ಓದಬೇಕು?” ಸಭೆಗೊಬ್ಬರು ಕೇಳಿದರೂ ಸಾಕು, ಮುಂದಿನ ವರ್ಷದ ಬ್ಯಾನರು ಕನ್ನಡದಲ್ಲಿ ಬರುತ್ತದೆ!