ಅಲೆಗೆ ಹೆಸರಾಗದ ದೇಶದಲ್ಲಿ ಅಲೆಯ ಪ್ರವಾಸ: ಒಳನಾಡಿನ ವರ್ತಕರಿಗೊಂದು ಲೆಕ್ಕ

ಕಡಲ ಅಲೆಯ ಮೇಲೆ ಹಲಗೆ ಏರಿ ಸಾಗುವ ಸರ್ಫಿಂಗ್ ಕ್ರೀಡೆಗೆ ಹವಾಯಿ, ಆಸ್ಟ್ರೇಲಿಯ, ಇಂಡೋನೇಷ್ಯಗಳು ಪ್ರಸಿದ್ಧ. ಭಾರತದ ಹೆಸರು ಆ ಸಾಲಿನಲ್ಲಿ ಸುಲಭವಾಗಿ ಬರುವುದಿಲ್ಲ. ಆದರೂ 2004ರಲ್ಲಿ ಅಮೆರಿಕ ಮೂಲದ ಜ್ಯಾಕ್ ಹೆಬ್ನರ್, ಅರ್ಥಾತ್ ಸ್ವಾಮಿ ನರಸಿಂಗ ಅವರು ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಸ್ಥಾಪಿಸಿದರು. 2016ರ ಮೇ ತಿಂಗಳಲ್ಲಿ ಸಮೀಪದ ಸಸಿಹಿತ್ಲು ತೀರದಲ್ಲಿ ಮೊದಲ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ರಮೇಶ್ ಬೂದಿಹಾಳ್ ಕಂಚಿನ ಪದಕ ಗಳಿಸಿದರು.

ಮೂಲ್ಕಿಯ ಅಲೆಗಳು ಹವಾಯಿಯ ಅಲೆಗಳಷ್ಟು ಎತ್ತರದವಲ್ಲ. ಹೊಸದಾಗಿ ಕಲಿಯುವವರಿಗೆ ಅದೇ ಅನುಕೂಲ. ಅಲ್ಲಿ ಮಾರಾಟವಾಗುವ ಸರಕು ಅಲೆಯಲ್ಲ, ಖಾತರಿ. ಯಾವ ತಿಂಗಳಲ್ಲಿ ಬರಬೇಕು, ಕಲಿಸುವವರು ಯಾರು, ಹಲಗೆಯ ಬಾಡಿಗೆ ಎಷ್ಟು, ತಂಗುವುದೆಲ್ಲಿ ಎಂಬ ಪ್ರಶ್ನೆಗಳಿಗೆ ಹೊರಡುವ ಮುನ್ನವೇ ಉತ್ತರ ದೊರೆತರೆ ಮಾತ್ರ ಪ್ರವಾಸಿ ಹಣ ಬಿಚ್ಚುತ್ತಾನೆ. ಹೆಸರಾದ ಸ್ಥಳಕ್ಕೆ ಜನ ತಾವಾಗಿಯೇ ಬರುತ್ತಾರೆ. ಹೆಸರಾಗದ ಸ್ಥಳಕ್ಕೆ ಮಾಹಿತಿಯೇ ಬಂಡವಾಳ.

ಇದರಿಂದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳ ವರ್ತಕರಿಗೇನು ಪ್ರಯೋಜನವೆಂಬ ಪ್ರಶ್ನೆ ಸಹಜ. ಈ ನಾಲ್ಕೂ ತಾಲ್ಲೂಕುಗಳು ಮೈಸೂರಿನಿಂದ ಕಡಲಿಗೆ ಹೋಗುವ ದಾರಿಗಳಲ್ಲಿವೆ. ಮಂಗಳೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 275 ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಮಡಿಕೇರಿಗೆ ಏರುತ್ತದೆ. ಹಾಸನ, ಸಕಲೇಶಪುರಗಳ ಮೂಲಕ ಮಂಗಳೂರು ಸೇರುವ ರೈಲುಮಾರ್ಗ ಕೆ.ಆರ್.ನಗರವನ್ನು ಹಾದುಹೋಗುತ್ತದೆ. ಎಚ್.ಡಿ.ಕೋಟೆಯಿಂದ ಬಾವಲಿ ಮಾರ್ಗವಾಗಿ ವಯನಾಡನ್ನು, ಅಲ್ಲಿಂದ ಕೇರಳದ ಕರಾವಳಿಯನ್ನು ತಲುಪಬಹುದು. ಆದರೆ ಅರಣ್ಯದ ನಡುವಿನ ಈ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿಷೇಧವಿದೆ. ಇಂಥ ಒಂದು ಮಾತು ತಿಳಿಯದೆ ಪ್ರವಾಸಿಯ ದಿನವಿಡೀ ಹಾಳಾಗಬಹುದು. ತಿಳಿಸಿದ ವರ್ತಕನ ಅಂಗಡಿ ಅವನ ನೆನಪಿನಲ್ಲಿ ಉಳಿಯುತ್ತದೆ.

ಈ ಭಾಗದ ವ್ಯಾಪಾರ ಬಹುಮಟ್ಟಿಗೆ ತಂಬಾಕಿನ ಹರಾಜನ್ನು ನಂಬಿ ನಿಂತಿದೆ. ಮೂಲ್ಕಿಯಲ್ಲಿ ಕ್ಲಬ್ ಆರಂಭವಾದ 2004ರಲ್ಲಿಯೇ ಭಾರತವು ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯನ್ನು ಅನುಮೋದಿಸಿತು. ಒಂದೇ ಬೆಳೆಯ ಹಣಕ್ಕಾಗಿ ಕಾಯುವ ಪೇಟೆ ಮತ್ತೊಂದು ಆದಾಯದ ದಾರಿಯನ್ನು ಹುಡುಕಿಕೊಳ್ಳುವುದು ಜಾಣತನ. ಬೈಲಕುಪ್ಪೆಯ ಸ್ವರ್ಣ ದೇವಾಲಯವಿರುವುದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ಆದರೆ ನೋಡಲು ಬಂದವರ ಊಟ, ವಸತಿಗೆ ಹೊಳೆಯಾಚೆಯ ಕುಶಾಲನಗರವೇ ಹತ್ತಿರ. ಈ ಪಾಠವನ್ನು ಮರೆಯಬಾರದು.

ಹಾಗೆಂದು ಸಾಲ ಮಾಡಿ ರೆಸಾರ್ಟ್ ಕಟ್ಟುವುದು ಪರಿಹಾರವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಅರಬ್ಬಿ ಸಮುದ್ರವು ಕಲಿಯುವವರಿಗೆ ಅಪಾಯಕಾರಿ. ಅದೇ ಮಳೆ ಘಟ್ಟದ ರಸ್ತೆಯನ್ನೂ ಕಾಡುತ್ತದೆ. 2018ರ ಆಗಸ್ಟ್‌ನ ಭೂಕುಸಿತದಿಂದ ಮಡಿಕೇರಿ-ಮಂಗಳೂರು ಸಂಚಾರವೇ ಕಡಿದುಹೋಗಿತ್ತು. ಆದ್ದರಿಂದ ಈ ವಹಿವಾಟಿಗೆ ವರ್ಷದಲ್ಲಿ 8 ತಿಂಗಳೆಂದು ಲೆಕ್ಕ ಹಿಡಿಯಬೇಕು. ಬ್ಯಾಂಕಿನ ಕಂತಾದರೋ 12 ತಿಂಗಳೂ ಬರುತ್ತದೆ. ಮಾಸಿಕ ಕಂತು 20,000 ರೂಪಾಯಿಯಾದರೆ, ಗಳಿಕೆಯ ಪ್ರತಿ ತಿಂಗಳಲ್ಲೂ 30,000 ರೂಪಾಯಿ ಎತ್ತಿಡಬೇಕಾಗುತ್ತದೆ. ಇದಲ್ಲದೆ 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿ ಬಾಡಿಗೆಯ ಮೇಲಿನ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆಯಾದರೂ ಹೂಡುವಳಿ ತೆರಿಗೆಯ ಜಮೆ ಸಿಗುವುದಿಲ್ಲ. ಹಾಸಿಗೆ, ಪೀಠೋಪಕರಣಗಳ ಮೇಲೆ ತೆತ್ತ ತೆರಿಗೆಯೂ ವೆಚ್ಚವೇ ಎಂದು ಭಾವಿಸಿ ದರ ನಿಗದಿಪಡಿಸಬೇಕು.

ಸಣ್ಣ ವರ್ತಕನಿಗೆ ತಕ್ಕ ಕೆಲಸಗಳು ಬೇರೆ ಇವೆ. ನಸುಕಿನಲ್ಲಿ ಮೈಸೂರು ಬಿಟ್ಟ ಕಾರು ಹುಣಸೂರು ತಲುಪುವ ಹೊತ್ತಿಗೆ ಬಿಸಿ ತಿಂಡಿ, ಶುಚಿಯಾದ ಶೌಚಾಲಯ, ಘಟ್ಟ ಏರುವ ಮುನ್ನ ಟೈರು ಮತ್ತು ಬ್ರೇಕುಗಳ ಪರೀಕ್ಷೆ ಬೇಕಾಗುತ್ತವೆ. ಹಲಗೆಯನ್ನು ಕಾರಿನ ಮೇಲೆ ಕಟ್ಟುವ ಪಟ್ಟಿ, ನೀರು ಇಳಿಯದ ಚೀಲಗಳಂಥ ವಸ್ತುಗಳನ್ನು ಸ್ಥಳೀಯ ಹೊಲಿಗೆ ಘಟಕಗಳೇ ತಯಾರಿಸಬಹುದು. ಕೆ.ಆರ್.ನಗರದ ಅಕ್ಕಿ, ಕೋಟೆ ಸೀಮೆಯ ಜೇನು ಮರಳುವ ಪ್ರವಾಸಿಯ ಚೀಲ ಸೇರಬಹುದು. ಇವಕ್ಕೆ ಬೇಕಾದ ಬಂಡವಾಳ ಅಲ್ಪ. ಕಡಲು ಮುನಿದ ತಿಂಗಳಲ್ಲೂ ಸ್ಥಳೀಯ ಗಿರಾಕಿಗಳು ಇದ್ದೇ ಇರುತ್ತಾರೆ.

ಈ ನಿಟ್ಟಿನಲ್ಲಿ ನಾಲ್ಕೂ ತಾಲ್ಲೂಕುಗಳ ವರ್ತಕ ಸಂಘಗಳು ಒಂದಾಗಿ ಕಡಲಿನ ಋತು, ರಸ್ತೆಯ ಸ್ಥಿತಿ, ಅರಣ್ಯ ದ್ವಾರದ ವೇಳೆ ಹಾಗೂ ನಿಗದಿತ ದರಗಳುಳ್ಳ ಒಂದು ಪುಟದ ಪಟ್ಟಿಯನ್ನು ಪ್ರತಿ ತಿಂಗಳು ಹೊರತರುವುದು ಉಚಿತ. ಅದರಲ್ಲಿ ಬರೆದ ದರವನ್ನೇ ಗಲ್ಲೆಯಲ್ಲೂ ಪಡೆಯುವ ಶಿಸ್ತು ಇದ್ದಲ್ಲಿ, ಆ ಪುಟದ ಅಚ್ಚಿನ ಖರ್ಚು ಸದಸ್ಯರಿಗೆ ಹೊರೆಯಾಗದು.